ಕಾಗುಣಿತದ ತಿದ್ದುಪಡಿ

ಕಾಗದ ಬಂದು ಮೂರು ದಿನವಾಗಿತ್ತು. ಅದರಲ್ಲಿ ಏನು ಬರೆದಿದ್ದಾರೆಂದು ತಲೆಗೆ ಹತ್ತುವ ಮೊದಲೇ ಅವನು ಕೆಂಪು ಪೆನ್ಸಿಲು ತೆಗೆದು, ಮೂರನೆಯ ಸಾಲಿನ 'ಹಸ್ತಕ್ಷರ' ಎಂಬುದಕ್ಕೆ ದೀರ್ಘ ಎಳೆದು 'ಹಸ್ತಾಕ್ಷರ' ಮಾಡಿ, ಅಂಚಿನಲ್ಲಿ ಒಂದು ಪುಟ್ಟ ಗೆರೆಯನ್ನೂ ಹಾಕಿಟ್ಟಿದ್ದ. ಆಮೇಲೆ ಓದಿದ. ದಾಖಲೆಗಳ ಕಚೇರಿಯವರು ಬರಗಾಲದ ವರ್ಷದ ಸರ್ಕಾರಿ ಕಾಗದಗಳನ್ನು ಸೇರಿಸಿ ಒಂದು ಸಂಪುಟ ಅಚ್ಚು ಹಾಕಿಸುತ್ತಿದ್ದಾರೆ. ಅದರಲ್ಲಿ ಒಂದು ಕರಡಿನ ಮೇಲೆ ಯಾರೋ ಮಾಡಿದ ತಿದ್ದುಪಡಿ ಇದೆ. ಆ ಕಾಲಕ್ಕೆ ಜಿಲ್ಲಾ ಕಚೇರಿಯ ನಕಲು ಗುಮಾಸ್ತರಾಗಿದ್ದ ತಾವು ಗುರುವಾರ ಹನ್ನೊಂದಕ್ಕೆ ಬಂದು ಅದು ಯಾರದೆಂದು ಗುರುತಿಸಿಕೊಡಬೇಕು. ಗುರುವಾರ ಅಂದರೆ ಇವತ್ತು. ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುವಾಗ ಬಲಗೈ ಎಂದಿನಂತೆ ನಡುಗಿತು, ಗಲ್ಲದ ಹತ್ತಿರ ಚರ್ಮ ಕಿತ್ತು ಒಂದು ಹನಿ ರಕ್ತ ಬಂತು. ಈ ನಡುಕ ಶುರುವಾಗಿ ಐದು ವರ್ಷ. ಮೊದಮೊದಲು ಅತ್ತಿದ್ದ, ನಿಜವಾಗಿಯೂ ಅತ್ತಿದ್ದ, ಕಿರಾಣಿ ಚೀಟಿ ಬರೆಯಲು ಕೂತು ತನ್ನ ಅಕ್ಷರವನ್ನು ತಾನೇ ಗುರುತು ಹಿಡಿಯಲಾರದೆ. ಇವತ್ತು ಮಾತ್ರ ಆ ಕೈಯನ್ನು ನೋಡಿ ಅವನಿಗೆ ಒಂದು ಥರದ ಸಮಾಧಾನವಾಯಿತು. ಬರೆದು ತೋರಿಸಿ ಎಂದರೆ ತೋರಿಸಬಹುದು. ಈ ಸೊಟ್ಟ ಅಕ್ಷರಕ್ಕೂ ಆ ಅಕ್ಷರಕ್ಕೂ ಸಂಬಂಧವಿದೆ ಎಂದು ಯಾವ ಮಗನೂ ಹೇಳಲಾರ. ಹಾಗೆ ಅಂದುಕೊಂಡ ತಕ್ಷಣ ಕನ್ನಡಿಯಲ್ಲಿ ಕಂಡ ಮುಖ ಅವನಿಗೆ ಹಿಡಿಸಲಿಲ್ಲ. ಟವಲಿನಿಂದ ಒರೆಸಿಕೊಂಡು ಒಳಗೆ ಹೋದ.

ಕೆಳಗಿನ ಬೀಗದ ಅಂಗಡಿಯವನು, ಮನೆಯ ಮಾಲೀಕನೂ ಅವನೇ, ಅರವನ್ನು ಕೀಲಿಕೈ ಮೇಲೆ ಉಜ್ಜುವುದನ್ನು ನಿಲ್ಲಿಸಿ, "ಏನ್ ಸಾರ್, ಕೋಟು ಹಾಕಿಬಿಟ್ಟಿದೀರಿ? ಅಕ್ಕನ ಮನೆ ಭಾನುವಾರ ಅಲ್ವಾ? ದಿನ ಮರೆತುಹೋಯ್ತಾ?" ಎಂದು ನಕ್ಕ. "ಮರೆತಿಲ್ಲ, ಬೇರೆ ಕೆಲಸ" ಎಂದ ಇವನು. ತನಗೆ ಭಾನುವಾರ ಬಿಟ್ಟರೆ ಬೇರೆ ಕಡೆ ಹೋಗಲು ಜಾಗವೇ ಇಲ್ಲ ಎಂಬುದು ಬೀದಿಗೆಲ್ಲ ಗೊತ್ತಿದೆ ಎಂದು ಚುಚ್ಚಿದಂತಾಯಿತು. ಆದರೆ ಅದು ಸುಳ್ಳೇನಲ್ಲ. ಮದುವೆ ಅಂತ ಆಗಲಿಲ್ಲ. ಕಚೇರಿಯ ಸ್ನೇಹಿತರು ಒಬ್ಬೊಬ್ಬರಾಗಿ ಹೋದರು. ವಾರದ ಆರು ದಿನ ಒಂದೇ ಲೋಟ ತೊಳೆದು ಅದೇ ಲೋಟದಲ್ಲಿ ಕುಡಿದು, ಏಳನೆಯ ದಿನ ಕೋಟು ಹಾಕಿಕೊಂಡು ಊರಿನ ಆಚೆ ತುದಿಯ ಅಕ್ಕನ ಮನೆಗೆ ಊಟಕ್ಕೆ ಹೋಗುವುದು ಮೂವತ್ತನಾಲ್ಕು ವರ್ಷದಿಂದ ನಡೆದು ಬಂದಿತ್ತು. ಭಾವ ಇದ್ದಾಗ ಮೂರು ತಟ್ಟೆ, ಭಾವ ಹೋದ ಮೇಲೆ ಎರಡು. ಅಕ್ಕ ಬಡಿಸುತ್ತ ಒಂದೇ ಮಾತು ಕೇಳುತ್ತಿದ್ದಳು: "ಮತ್ತೆ? ಏನು ಸಮಾಚಾರ?" ಇವನು "ಏನೂ ಇಲ್ಲ" ಎನ್ನುತ್ತಿದ್ದ. ಅವಳು "ಸರಿ, ಊಟ ಮಾಡು" ಎನ್ನುತ್ತಿದ್ದಳು.

ದಾಖಲೆಗಳ ಕಚೇರಿ ಸ್ಟೇಷನ್ನಿನ ಹಿಂದೆ ಇತ್ತು. ಅದು ಮೊದಲು ಸರ್ಕಾರಿ ಉಗ್ರಾಣವಾಗಿತ್ತು ಎಂಬುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಿಟಕಿಗಳನ್ನು ಆಮೇಲೆ ಒಡೆದು ಮಾಡಿದ್ದು, ಮೊದಲು ಗೋಡೆಯ ಮೇಲೆ ಬೆಳಕಿಂಡಿಗಳಷ್ಟೇ ಇದ್ದವು. ಅವನು ಇಷ್ಟು ವರ್ಷ ಪೇಟೆಗೆ ಹೋಗುವಾಗ ಈ ಬೀದಿ ಬಿಟ್ಟು ಸುತ್ತು ಹಾಕಿಕೊಂಡೇ ಹೋಗಿದ್ದ, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆ ವರ್ಷ ಇಲ್ಲಿ ಬಾಗಿಲಿಗೆ ಎರಡು ಬೀಗ. ಒಳಗೆ ಮಾಡಿನವರೆಗೆ ಮೂಟೆ. ಆಚೆ ಈ ಕಲ್ಲುಹಾಸಿನ ಮೇಲೆ ಹಳ್ಳಿಗಳಿಂದ ನಡೆದು ಬಂದವರು ಮಲಗಿರುತ್ತಿದ್ದರು, ಬೆಳಿಗ್ಗೆ ಕೆಲವರು ಏಳುತ್ತಿದ್ದರು, ಕೆಲವರು ಏಳುತ್ತಿರಲಿಲ್ಲ. ಅವರ ಪಕ್ಕದಲ್ಲೇ ಸರ್ಕಾರ ಕಡ್ಡಾಯವಾಗಿ ವಸೂಲಿ ಮಾಡಿದ ಲೆವಿ ಧಾನ್ಯದ ಗಾಡಿಗಳು ಸ್ಟೇಷನ್ನಿಗೆ ಹೋಗುತ್ತಿದ್ದವು, ಪೊಲೀಸರ ಕಾವಲಿನಲ್ಲಿ, ಅವರದ್ದೇ ಹಳ್ಳಿಗಳಿಂದ ಅಳೆದು ತಂದ ಧಾನ್ಯ, ರಾಜಧಾನಿಗೆ. ಅವನು ಕಚೇರಿ ಮುಗಿಸಿ, ನೌಕರರಿಗೆ ಕೊಡುತ್ತಿದ್ದ ಧಾನ್ಯದ ಪೊಟ್ಟಣವನ್ನು ಕೋಟಿನ ಒಳಗೆ ಅವುಚಿಕೊಂಡು, ಹೊಟ್ಟೆ ನೋವಿನವನಂತೆ ಬಾಗಿ ನಡೆಯುತ್ತಿದ್ದ. ಒಂದು ದಿನ ಕಚೇರಿಯ ಮೆಟ್ಟಿಲ ಮೇಲೆ ಒಬ್ಬಳು ಅವನ ಕೋಟಿನ ತುದಿ ಹಿಡಿದಳು. ಪೊಟ್ಟಣಕ್ಕೆ ಅಂದುಕೊಂಡು ಅವನು ಕೋಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. ಅವಳು ಕೇಳಿದ್ದು ಅರ್ಜಿ. "ನಂಗೆ ಬರೆಯಕ್ಕೆ ಬರಲ್ಲಪ್ಪ, ನೀನು ಬರೆದುಕೊಡು, ನಮ್ಮೂರಲ್ಲಿ ಬರ ಬಂದಿದೆ ಅಂತ." ಅವನು ನಿಂತುಕೊಂಡೇ ಬರೆದ. ಬರೆಯುತ್ತ, "ಬರ ಅಂತ ಬರೀಬಾರದಮ್ಮ, ಸುತ್ತೋಲೆ ಬಂದಿದೆ. ಕೊರತೆ ಅಂತ ಬರೀತೀನಿ" ಎಂದ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಕೊರತೆ ಅಂದ್ರೆ ಒಂಚೂರು ಇದೆ, ಸಾಲದು ಅಂತ ಅಲ್ವೇನಪ್ಪ? ನನ್ನ ಹತ್ರ ಒಂಚೂರೂ ಇಲ್ಲವಲ್ಲ" ಎಂದಳು. ತಕರಾರಿನ ದನಿಯಲ್ಲಿ ಅಲ್ಲ. ಬರೆಯಲು ಬರುವವನಿಗೆ ಗೊತ್ತಿರುತ್ತದೆ ಎಂಬ ನಂಬಿಕೆಯಲ್ಲಿ, ಕೇಳಿ ತಿಳಿದುಕೊಳ್ಳುವವಳಂತೆ.

"ಬನ್ನಿ ಸರ್, ಬನ್ನಿ, ಎಡವೀರಿ, ಹೊಸ್ತಿಲು ಎತ್ತರ ಇದೆ" ಎಂದು ಒಳಗಿನಿಂದ ಬಂದವಳಿಗೆ ಮೂವತ್ತು ಇದ್ದೀತು. ಸಂಪುಟದ ಕೆಲಸ ನೋಡಿಕೊಳ್ಳುತ್ತಿದ್ದ ದಾಖಲೆ ಕಚೇರಿಯ ಸಹಾಯಕಿ ಅವಳೇ, ಕಾಗದ ಬರೆದವಳೂ ಅವಳೇ ಇರಬೇಕು, ದೀರ್ಘ ಬಿಟ್ಟವಳು. ಬೆರಳುಗಳಿಗೆ ತೆಳು ಬಿಳಿ ಕೈಗವಸು. ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಅದನ್ನು ಮೇಜಿನಿಂದ ದೂರದ ಸ್ಟೂಲಿನ ಮೇಲೆ ಇಡಿಸಿದಳು. ಕಾಗದದ ಹತ್ತಿರ ಚಹಾ ತರಕೂಡದು ಎಂಬುದು ಗೊತ್ತಿರುವವಳು ಎಂದು ಅವನಿಗೆ ಅವಳ ಮೇಲೆ ಗೌರವ ಹುಟ್ಟಿತು. "ಇಲ್ಲಿ ಎಷ್ಟು ಸುಣ್ಣ ಹೊಡೆಸಿದ್ರೂ ಗೋಡೆಯಿಂದ ನುಸಿ ಬರುತ್ತೆ ಸರ್. ಹಳೇ ಧಾನ್ಯದ ನುಸಿಯಂತೆ. ಕಾಗದಕ್ಕೂ ಹತ್ತುತ್ತೆ" ಎಂದಳು. ಅವನು ಮಾಡು ನೋಡಿದ. ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆ ಈಗಲೂ ಅಲ್ಲೇ ಇತ್ತು, ಅದಕ್ಕೊಂದು ಫ್ಯಾನು ನೇತುಹಾಕಿದ್ದರು. ಕೊನೆಗೂ ಬಾಗಿಲು ತೆರೆದಾಗ ಕೆಳಗಿನ ಸಾಲಿನ ಮೂಟೆಗಳು ಕಪ್ಪಗಾಗಿದ್ದವು ಎಂದು ಅಂದು ಕಚೇರಿಯಲ್ಲಿ ಮಾತಾಡಿಕೊಂಡಿದ್ದರು. ಅದನ್ನೇ ಕೊಟ್ಟರು, ಅದನ್ನೇ ತಿಂದರು, ತಿಂದೂ ಸತ್ತರು.

ಅವಳು ಮಡಿಸಿಟ್ಟ ಒಂದು ಹಾಳೆ ಬಿಚ್ಚಿದಳು. ನೋಡಬೇಕಾಗಿರಲಿಲ್ಲ, ಆದರೂ ನೋಡಿದ. ಭಾವನ ಅಕ್ಷರ, ಬಲಕ್ಕೆ ವಾಲಿದ, ಅವಸರದ, ಸೈಕಲ್ಲಿನ ಮೇಲೆ ಕೂತೇ ಬರೆದಂತಹ ಅಕ್ಷರ. ಭಾವ ಹಳ್ಳಿಹಳ್ಳಿ ಸುತ್ತಿ ವಾರದ ವರದಿ ಬರೆಯುವ ಪರಿವೀಕ್ಷಕನಾಗಿದ್ದ. ಅವನ ಕರಡು ಬುಧವಾರ ಕಚೇರಿಗೆ ಬರುತ್ತಿತ್ತು. ನಕಲು ಗುಮಾಸ್ತ ಅದನ್ನು ಗುರುವಾರ ಶುದ್ಧ ಪ್ರತಿ ಮಾಡಬೇಕು. ಸಾಹೇಬರು ಸಹಿ ಹಾಕಬೇಕು. ನಾಲ್ಕೂವರೆಯ ಟಪಾಲಿಗೆ ಅದು ರಾಜಧಾನಿಗೆ ಹೋಗಬೇಕು. ಭಾವಮೈದುನರ ಅಕ್ಷರ ಒಂದೇ ಹಾಳೆಯ ಮೇಲೆ ಸೇರುವುದು ಕಚೇರಿಯಲ್ಲಿ ತಮಾಷೆಯ ವಸ್ತುವಾಗಿತ್ತು. ಸಾಹೇಬರು ಬಾಗಿಲಲ್ಲಿ ನಿಂತು, "ಎಲ್ಲಿ ನಮ್ಮ ಮುತ್ತಿನಕ್ಷರ? ಭಾವನ ಕಾಗೆ ಕಾಲು ಗುಬ್ಬಿ ಕಾಲನ್ನ ಸ್ವಲ್ಪ ಮನುಷ್ಯರು ಓದೋ ಹಾಗೆ ಮಾಡಪ್ಪ" ಎನ್ನುತ್ತಿದ್ದರು. ಮುತ್ತಿನಕ್ಷರ ಎಂದೇ ಅವನ ಹೆಸರಾಗಿಹೋಗಿತ್ತು. ಈ ಹಾಳೆಯಲ್ಲಿ ಭಾವ 'ಬರ' ಎಂದು ಬರೆದ ಕಡೆಯಲ್ಲೆಲ್ಲ ಅದರ ಮೇಲೊಂದು ತೆಳು ಗೆರೆ, ಗೆರೆಯ ಮೇಲೆ ಸಣ್ಣಗೆ, ದುಂಡಗೆ, ಅಚ್ಚಿನಲ್ಲಿ ಹಾಕಿದಂತೆ 'ಕೊರತೆ'. ಏಳು ಕಡೆ. ಎಷ್ಟು ಚೆನ್ನಾಗಿದೆ, ಅವನಿಗೆ ಮೊದಲು ಅನಿಸಿದ್ದು ಅದೇ. ನಾಚಿಕೆ ಆಮೇಲೆ ಬಂತು.

"ಆ ವರ್ಷದ ಕತೆ ನಿಮಗೆ ಗೊತ್ತೇ ಇರುತ್ತೆ ಸರ್" ಎಂದು ಅವಳು ಹೇಳತೊಡಗಿದಳು. ಹುಡುಕಿ ತೆಗೆದವರಿಗೆ ಇರುವ ಹುರುಪು ಅವಳ ದನಿಯಲ್ಲಿತ್ತು. "ಆಹಾರ ಇಲಾಖೆಯವರ ನಿಯಮ, ಒಂದು ಜಿಲ್ಲೆಯಿಂದ ಸತತ ಮೂರು ವಾರ 'ಬರ' ಅಂತ ವರದಿ ಬಂದ್ರೆ ಮಾತ್ರ ಉಗ್ರಾಣ ತೆಗೀಬೇಕು, ಲೆವಿ ನಿಲ್ಲಿಸಬೇಕು. ಕಂದಾಯ ಇಲಾಖೆಯವರ ಸುತ್ತೋಲೆ, 'ಬರ' ಅನ್ನೋ ಪದದಿಂದ ಜನ ಗಾಬರಿಯಾಗ್ತಾರೆ, ವ್ಯಾಪಾರಿಗಳು ಧಾನ್ಯ ಬಚ್ಚಿಡ್ತಾರೆ, ಅದಕ್ಕೇ ಪ್ರಕಟಣೆ ಮತ್ತು ಇತರ ಕಾಗದಗಳಲ್ಲಿ 'ಕೊರತೆ' ಅಂತಲೇ ಬಳಸಿ ಅಂತ. ಇವರ ನಿಯಮ ಅವರಿಗೆ ಗೊತ್ತಿಲ್ಲ, ಅವರದ್ದು ಇವರಿಗೆ ಗೊತ್ತಿಲ್ಲ. ಎರಡು ವಾರ 'ಬರ' ಅಂತ ಹೋಗಿದೆ. ಮೂರನೇ ವಾರ 'ಕೊರತೆ' ಅಂತ ಹೋಗಿದೆ. ರಾಜಧಾನಿಯಲ್ಲಿ ಏನಂದುಕೊಂಡ್ರು ಗೊತ್ತಾ ಸರ್? ಬರ ಹೋಗಿ ಕೊರತೆ ಆಗಿದೆ, ಅಂದ್ರೆ ಪರಿಸ್ಥಿತಿ ಸುಧಾರಿಸಿದೆ ಅಂತ! ಲೆವಿಯನ್ನ ಜಾಸ್ತಿ ಮಾಡಿದ್ರು. ನಾಲ್ಕನೇ ವಾರ ಪರಿವೀಕ್ಷಕರು ಮತ್ತೆ 'ಬರ' ಅಂತ ನೇರವಾಗಿ ರಾಜಧಾನಿಗೇ ಬರೆದ್ರೆ, ಸುಧಾರಿಸಿದ ಮೇಲೆ ಮತ್ತೆ ಬರ ಹೇಗೆ ಬಂತು, ವಿವರಣೆ ಕೊಡಿ ಅಂತ ಕಾಗದ. ಆ ವಿವರಣೆ ಒಪ್ಪಿಗೆ ಆಗೋಕೆ ಹನ್ನೊಂದು ವಾರ." ಅದನ್ನು ಹೇಳುವಷ್ಟರಲ್ಲಿ ಅವಳ ಹುರುಪು ಇಳಿದುಹೋಗಿತ್ತು. "ಆಮೇಲೆ ಕೂತ ವಿಚಾರಣಾ ಸಮಿತಿ, ಸುತ್ತೋಲೆಯದೇನೂ ತಪ್ಪಿಲ್ಲ ಅಂತ ಬಿಟ್ಟುಬಿಟ್ಟಿದೆ ಸರ್. 'ಇತರ ಕಾಗದಗಳು' ಅಂದ್ರೆ ವಾರದ ವರದಿ ಸೇರಲ್ಲವಂತೆ. ಪರಿವೀಕ್ಷಕರಿಗೆ ಬರ ಅಂತ ಬರೆಯೋ ಸ್ವಾತಂತ್ರ್ಯ ಪೂರ್ತಿ ಇತ್ತು, ಅವರೇ ಒಮ್ಮೆ ಹಾಗೆ ಒಮ್ಮೆ ಹೀಗೆ ಬರೆದು ಗೊಂದಲ ಮಾಡಿದ್ರು ಅಂತ ತೀರ್ಮಾನ. 'ಚಂಚಲ ವರದಿ' ಅಂತ ಬರೆದಿದಾರೆ. ಸುತ್ತೋಲೆ ಯಾರು ಬರೆದ್ರು ಅಂತ ಎಲ್ಲೂ ಹೆಸರಿಲ್ಲ, 'ಆಜ್ಞಾನುಸಾರ' ಅಂತಷ್ಟೇ. ಈ ಒಬ್ಬ ಮನುಷ್ಯನ ಹೆಸರು ಮಾತ್ರ ಹನ್ನೆರಡು ಸಲ ಬರುತ್ತೆ."

ಚಂಚಲ ವರದಿ. ಆ ಮಾತು ಪತ್ರಿಕೆಯಲ್ಲಿ ಬಂದ ಮೇಲೆ ಭಾವ ಪೇಟೆಗೆ ಹೋಗುವುದನ್ನು ಬಿಟ್ಟಿದ್ದ. ಒಮ್ಮೆ ಅಂಗಡಿಯ ಮುಂದೆ ಯಾರೋ ಅವನ ಬೂಟಿನ ಮೇಲೆ ಉಗುಳಿದರಂತೆ. ಆ ಭಾನುವಾರ ಭಾವ ಹಿತ್ತಿಲಲ್ಲಿ ಕೂತು ಬೂಟು ತೊಳೆಯುತ್ತಿದ್ದ, ತೊಳೆದದ್ದನ್ನೇ ತೊಳೆಯುತ್ತಿದ್ದ. ಇವನನ್ನು ನೋಡಿ, "ಬಾರಯ್ಯ, ಬಾ. ಏನಾದ್ರೂ ಹೇಳೋದಿತ್ತಾ?" ಎಂದ. ಇವನು "ಏನಿಲ್ಲ ಭಾವ" ಎಂದು ಒಳಗೆ ಹೋಗಿ ತಟ್ಟೆಯ ಮುಂದೆ ಕೂತ. ಕೆಲಸ ಹೋಗಿ ಆರು ವರ್ಷಕ್ಕೆ ಭಾವ ಹೋದ. ಕಾಯಿಲೆ ಏನು ಎಂದು ವೈದ್ಯರು ಸರಿಯಾಗಿ ಹೇಳಲಿಲ್ಲ.

"ಈ ಕರಡು ಸಿಕ್ಕಿದ ಮೇಲೆ ಎಲ್ಲಾ ಬದಲಾಗುತ್ತೆ ಸರ್. ಅವರು 'ಬರ' ಅಂತಲೇ ಬರೆದಿದ್ರು. ತಿದ್ದಿದ್ದು ಬೇರೆ ಯಾರೋ. ಯಾರು ಅಂತ ಗೊತ್ತಾಗಿ ಒಂದು ಹೇಳಿಕೆ ಸಿಕ್ಕಿದ್ರೆ ಮುನ್ನುಡಿಯಲ್ಲಿ ಹಾಕಬಹುದು. ಇಲ್ಲದಿದ್ರೆ ಹಳೇ ತೀರ್ಮಾನವೇ ಮತ್ತೆ ಅಚ್ಚಾಗುತ್ತೆ. ನಾಳೆ ಅಚ್ಚಿಗೆ ಹೋಗಬೇಕು." ಅವಳು ಹಾಳೆಯನ್ನು ಅವನ ಕಡೆ ತಿರುಗಿಸಿ, ಮುಟ್ಟದೆ, ಬೆರಳು ತೋರಿಸಿದಳು. "ಮೊದಲ ಆರು ಕಡೆ ನೋಡಿ, ಒಂದೇ ಸಮ, ಒಂದು ಚುಕ್ಕಿ ಮಸಿ ಹೆಚ್ಚಿಲ್ಲ. ಏಳನೇದರ ಹತ್ರ ನೋಡಿ. ಮಸಿ ಇಷ್ಟು ಹರಡಿದೆ. ಪೆನ್ನಿನ ಮೊನೆ ಇಲ್ಲಿ ತುಂಬಾ ಹೊತ್ತು ನಿಂತಿದೆ ಸರ್. ಇವರು ಇಲ್ಲಿ ಏನೋ ಯೋಚನೆ ಮಾಡಿದಾರೆ."

ನಾಲ್ಕು ಹತ್ತು. ಅಂದು ಜಿಲ್ಲಾ ಕಚೇರಿಯ ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು ಆಗಿತ್ತು, ಕಿಟಕಿಯ ಬಿಸಿಲು ಮಸಿಕುಡಿಕೆಯ ಅಂಚಿಗೆ ಬಂದಿತ್ತು. ಹೊರಗೆ ಟಪಾಲಿನವನು ಚೀಲದ ಬಾಯಿ ಬಿಚ್ಚುತ್ತ ಹಾಡುತ್ತಿದ್ದ. ಸುತ್ತೋಲೆ ಅಂದು ಬೆಳಿಗ್ಗೆ ಬಂದಿತ್ತು, ಸಾಹೇಬರು ಅದನ್ನು ಅವನ ಮೇಜಿನ ಮೇಲೆ ಎಸೆದು "ಇದನ್ನ ನೋಡ್ಕೊಳ್ಳಪ್ಪ" ಎಂದಿದ್ದರು, ಅಷ್ಟೇ, ಏನು ನೋಡಿಕೊಳ್ಳಬೇಕು ಎಂದು ಹೇಳಿರಲಿಲ್ಲ. ಕಚೇರಿಯ ಪದ್ಧತಿ ಹೀಗೆ: ಕರಡಿನ ವಿಷಯದಲ್ಲಿ ಬದಲಾವಣೆ ಇದ್ದರೆ ಒಂದು ಪ್ರಶ್ನೆ ಚೀಟಿ ಅಂಟಿಸಿ ಬರೆದವರಿಗೇ ವಾಪಸು ಕಳಿಸಬೇಕು. ಕಾಗುಣಿತದ ತಪ್ಪಾದರೆ ಯಾರನ್ನೂ ಕೇಳಬೇಕಾಗಿಲ್ಲ, ನಕಲು ಗುಮಾಸ್ತನೇ ತಿದ್ದಿಕೊಂಡು ಮುಂದೆ ಹೋಗಬಹುದು. ಅವನು 'ಬರ'ವನ್ನು ಕಾಗುಣಿತದ ತಪ್ಪು ಎಂದು ತಿದ್ದಿದ್ದ. ಚೀಟಿ ಅಂಟಿಸಿದರೆ ವರದಿ ಎರಡು ದಿನ ನಿಲ್ಲುತ್ತದೆ, ಚೀಟಿಯ ಅಂಟು ಹಾಳೆಯಲ್ಲಿ ಕಲೆ ಮಾಡುತ್ತದೆ. ಆರು ಕಡೆ ಅವನಿಗೆ ಇದ್ದ ಯೋಚನೆ ಒಂದೇ, ಎರಡಕ್ಷರದ ಜಾಗದಲ್ಲಿ ಮೂರಕ್ಷರ ಕೂರಿಸುವುದು ಹೇಗೆ, ಸಾಲು ಬಿಗಿಯದ ಹಾಗೆ. ಕೂರಿಸಿದ್ದ. ಏಳನೆಯ 'ಬರ'ದ ಮೇಲೆ ಪೆನ್ನಿಟ್ಟಾಗ ಮೂರು ತಿಂಗಳ ಹಿಂದೆ ತಾನೇ ಶುದ್ಧ ಪ್ರತಿ ಮಾಡಿದ್ದ ಇನ್ನೊಂದು ಕಾಗದ ನೆನಪಾಯಿತು. ಸತತ ಮೂರು ವಾರ. ಆ ಕಚೇರಿಯಲ್ಲಿ, ಬಹುಶಃ ಇಡೀ ಸರ್ಕಾರದಲ್ಲಿ, ಆ ಎರಡೂ ಕಾಗದಗಳು ಕೈಯಲ್ಲಿ ಹಾದುಹೋದವನು ತಾನೊಬ್ಬನೇ. ಓದುವುದಕ್ಕೆಂದು ಓದಿರಲಿಲ್ಲ, ಬರೆಯುವುದಕ್ಕೆಂದು ಓದಿದ್ದ, ಆದರೆ ನೆನಪಾಯಿತು. ಇದು ಮೂರನೇ ವಾರ ಅಲ್ಲವೇ ಎಂದು ನೆನಪಾಯಿತು. ಮಸಿ ಹರಡುತ್ತಿರುವುದನ್ನು ನೋಡುತ್ತ ಕೂತ. ಮಗ್ಗುಲಲ್ಲಿ ಶುದ್ಧ ಪ್ರತಿ ಇತ್ತು, ಆರು ಕಡೆ 'ಕೊರತೆ', ಒಂದು ಕಲೆಯಿಲ್ಲ. ಈಗ ಬದಲಾಯಿಸಿದರೆ ಇಡೀ ಹಾಳೆ ಹರಿದು ಮೊದಲಿಂದ ಬರೆಯಬೇಕು. ಇಪ್ಪತ್ತು ನಿಮಿಷದಲ್ಲಿ ಆಗುವುದಿಲ್ಲ. ಸಾಹೇಬರಿಗೆ ಹೇಳಬಹುದಿತ್ತು, ಅವರ ಕೋಣೆ ಹದಿನಾಲ್ಕು ಹೆಜ್ಜೆ. ಹೇಳಿದರೆ, ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಅವನು ಏಳನೆಯದನ್ನೂ ತಿದ್ದಿದ. ಸಾಹೇಬರು ಸಹಿ ಹಾಕುತ್ತ, "ಭೇಷ್, ಕಣ್ಣಿಗೆ ಒತ್ತಿಕೊಳ್ಳೋ ಹಾಗಿದೆ" ಎಂದರು, ಅವನಿಗೆ ಸಂತೋಷವಾಯಿತು. ಇದನ್ನು ಯಾರಿಗೂ ಹೇಳಲಾಗದು, ಆದರೆ ಅಂದು ಮನೆಗೆ ಹೋಗುವಾಗ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ಗೊತ್ತಾಗ್ತಿಲ್ಲಮ್ಮ" ಎಂದ ಅವನು. "ನಮ್ಮ ಕಚೇರಿಯಲ್ಲಿ ತುಂಬ ಜನ ಇದ್ರು. ಸಾಹೇಬರದ್ದೂ ಇರಬಹುದು."

"ಸಾಹೇಬರ ಅಕ್ಷರ ನಮ್ಮ ಹತ್ರ ಬೇಕಾದಷ್ಟಿದೆ ಸರ್, ಇದಲ್ಲ" ಎಂದಳು ಅವಳು ಮೆತ್ತಗೆ. ಅವಳಿಗೆ ಗೊತ್ತಿದೆ. ಶುದ್ಧ ಪ್ರತಿಗಳೆಲ್ಲ ಅವಳ ಬೀರುವಿನಲ್ಲಿ ಇದ್ದೇ ಇವೆ, ಎಲ್ಲ ಒಂದೇ ಕೈ. ಅವಳಿಗೆ ಬೇಕಾಗಿರುವುದು ಅಕ್ಷರದ ಗುರುತಲ್ಲ, ಅವನ ಬಾಯಿಂದ ಬರುವ ಮಾತು ಎಂದು ಅವನಿಗೆ ಹೊಳೆಯಿತು. ಅವಳು ಅವನ ನಡುಗುವ ಕೈಯನ್ನು ನೋಡಿ, ನೋಡದವಳಂತೆ ಬೇರೆ ಕಡೆ ತಿರುಗಿದಳು. "ಯಾರೇ ತಿದ್ದಿರಲಿ ಸರ್, ಅವರನ್ನ ತಪ್ಪು ಅನ್ನೋಕಲ್ಲ. ಅವರು ತಿದ್ದದೇ ಇದ್ರೂ ಮೇಲಿನವರು ತಿದ್ದಿಸ್ತಾನೇ ಇದ್ರು, ಅಲ್ವಾ?" ಮೂವತ್ತನಾಲ್ಕು ವರ್ಷ ಅವನು ಹಾಸಿಗೆಯಲ್ಲಿ ಮಗ್ಗುಲಾಗುತ್ತ ತನಗೆ ತಾನೇ ಹೇಳಿಕೊಂಡದ್ದು ಅಕ್ಷರ ಬಿಡದೆ ಇದೇ ಮಾತು. ಈಗ ಅದನ್ನು ಗೊತ್ತಿಲ್ಲದ ಹೆಣ್ಣುಮಗಳೊಬ್ಬಳು ಮುದುಕನ ಮೇಲಿನ ಕರುಣೆಯಿಂದ ಹೇಳಿದಾಗ ಅದು ಎಷ್ಟು ಅಗ್ಗ ಎಂದು ಕಂಡಿತು.

ಮಾತು ಬದಲಿಸಲು ಕೇಳಿದ, "ಇದು ನಿಮಗೆಲ್ಲಿ ಸಿಕ್ತು? ಕರಡೆಲ್ಲ ಸುಟ್ಟುಹಾಕೋ ಪದ್ಧತಿ ಇತ್ತು. ಸಹಿ ಆದ ಮೇಲೆ ಬರೆದವರಿಗೇ ವಾಪಸು ಕಳಿಸ್ತಿದ್ವಿ, ಅವರೇ ಸುಟ್ಟು, 'ಸುಟ್ಟಿದೆ' ಅಂತ ಪುಸ್ತಕದಲ್ಲಿ ಬರೀಬೇಕು."

"ಹೌದು ಸರ್, 'ಸುಟ್ಟಿದೆ' ಅಂತ ಬರೆದೂ ಇದೆ. ಆದ್ರೆ ಅವರು ಸುಟ್ಟಿರಲಿಲ್ಲ. ಹೋದ ವಾರ ಒಬ್ಬರು ಅಜ್ಜಿ ತಂದುಕೊಟ್ರು. ಪಾಪ, ಕಣ್ಣು ಸರಿಯಾಗಿ ಕಾಣಲ್ಲ, ಗೋಡೆ ಹಿಡ್ಕೊಂಡು ಬಂದ್ರು. ಗುಂಡಿ ದಾರ ಎಲ್ಲ ಹಾಕಿಡೋ ತಗಡಿನ ಡಬ್ಬಿ, ಅದರ ತಳದಲ್ಲಿ ಇಟ್ಟಿದ್ರು. ಹೆಚ್ಚು ಮಾತಾಡಲಿಲ್ಲ. 'ಇದನ್ನ ತಿದ್ದಿದ್ದು ಯಾರು ಅಂತ ನಾನು ಹೇಳಲ್ಲ, ಅವನನ್ನೇ ಕರೆದು ಕೇಳಿ' ಅಂದ್ರು." ಅವಳು ತಲೆ ತಗ್ಗಿಸಿದಳು. "ನಿಮ್ಮ ವಿಳಾಸ ಕೊಟ್ಟಿದ್ದೂ ಅವರೇ."

ಅವನು ಎದ್ದ. ಊಟ ಮುಗಿಸಿ ಬರುತ್ತೇನೆ ಎಂದೋ ಏನೋ ಅಂದ. ಹೊಸ್ತಿಲು ಎಡವಿದ. ಬಸ್ಸು ಬರುವವರೆಗೆ ನಿಲ್ಲಲು ಆಗದೆ ನಡೆದೇ ಹೊರಟ. ಆ ಡಬ್ಬಿ ಅಕ್ಕನ ಅಡುಗೆಮನೆಯ ಶೆಲ್ಫಿನ ಮೇಲೆ, ಕಿಟಕಿಯ ಪಕ್ಕ ಇರುತ್ತಿತ್ತು. ಮುಚ್ಚಳದ ಮೇಲೆ ಬಣ್ಣ ಹೋದ ಒಂದು ಹಡಗಿನ ಚಿತ್ರ. ಎಷ್ಟು ಭಾನುವಾರ ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು, "ಕೋಟು ಬಿಚ್ಚೋ, ಗುಂಡಿ ಜೋತಾಡ್ತಿದೆ" ಎಂದು ಹೊಲಿದುಕೊಟ್ಟಿಲ್ಲ? ಬೆರಳಲ್ಲಿ ಕೆದಕಿ ಕೆದಕಿ ಸರಿಯಾದ ಗುಂಡಿ ಹುಡುಕುತ್ತಿದ್ದಳು, ಎಷ್ಟು ಹೊತ್ತು ಹುಡುಕುತ್ತಿದ್ದಳು! ಇವನು ಎದುರಿಗೆ ಕೂತು ಅದನ್ನೇ ನೋಡುತ್ತಿದ್ದ. ಈಗ ಹಾಕಿಕೊಂಡಿರುವ ಕೋಟಿನ ಮೂರು ಗುಂಡಿಯೂ ಆ ಡಬ್ಬಿಯವೇ. ನಡೆಯುತ್ತ ಅವನಿಗೆ ಗೊತ್ತಿಲ್ಲದೆಯೇ ಕೈ ಅವುಗಳ ಮೇಲೆ ಹೋಯಿತು, ಒಂದು, ಎರಡು, ಮೂರು. ಯಾರೋ ಸೈಕಲ್ಲಿನವನು "ರೀ, ಬದುಕೋ ಆಸೆ ಇಲ್ವೇನ್ರಿ?" ಎಂದು ಬೈದು ಹೋದ.

ಅಕ್ಕ ಬಾಗಿಲು ತೆರೆದೇ ಇಟ್ಟಿದ್ದಳು. ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕುರ್ಚಿಯಲ್ಲಿ ಕೂತಿದ್ದಳು, ಹೆಜ್ಜೆ ಸದ್ದಿಗೇ "ಬಂದ್ಯಾ" ಎಂದಳು. ಶೆಲ್ಫಿನ ಮೇಲೆ ಡಬ್ಬಿ ಇದ್ದ ಜಾಗದಲ್ಲಿ ದುಂಡನೆಯ ಗುರುತು ಮಾತ್ರ ಇತ್ತು, ಸುತ್ತ ಧೂಳು. ಅವನು ಕೂರಲಿಲ್ಲ.

"ಅಕ್ಕ, ನಿಂಗೆ ಗೊತ್ತಿತ್ತಾ?"

"ನಿನ್ನ 'ಕೊ'ನ ಬಾಲ ನಂಗೆ ಗೊತ್ತಾಗಲ್ವೇನೋ? ಒಳಗಡೆ ಸುತ್ತಬೇಡ, ಹೊರಗಡೆ ಬಿಡು ಅಂತ ಎಷ್ಟು ಸಲ ಬೆರಳ ಗೆಣ್ಣಿಗೆ ಹೊಡೆದಿದೀನಿ. ಅಪ್ಪ ಅಮ್ಮ ಹೊಲಕ್ಕೆ ಹೋದ್ರೆ ನಿನ್ನ ಕೈ ಹಿಡಿದು ತಿದ್ದಿಸಿದ್ದು ಯಾರು? ಮೊದಲು ತಿದ್ದಿಸಿದ ಮಾತು ಯಾವುದು, ನೆನಪಿದ್ಯಾ? ಬರಹ. 'ಹ' ಬರೆಯೋಕೆ ಬರದೆ ಬರೀ 'ಬರ' ಅಂತ ಸ್ಲೇಟು ತುಂಬ ಬರೆದುಕೊಂಡು ಬಂದಿದ್ದೆ, ನಾನು ನಕ್ಕಿದ್ದೆ." ಅವಳು ಈಗ ನಗಲಿಲ್ಲ.

"ಭಾವನಿಗೆ?"

"ಕರಡು ವಾಪಸು ಬಂದಿದ್ದೇ ಅವರ ಕೈಗೆ ಕಣೋ. ನಂಗಿಂತ ಮೊದಲು ಅವರಿಗೇ ಗೊತ್ತಾಗಿದ್ದು. ತಂದು ನಂಗೆ ತೋರಿಸಿದ್ರು. ಒಲೆ ಮುಂದೆ ಕೂತಿದ್ವಿ, ಸುಡೋಣ ಅಂತಲೇ. ಸುಡಲಿಲ್ಲ."

"ಮತ್ತೆ ವಿಚಾರಣೇಲಿ? ಇದನ್ನ ತೋರಿಸಿದ್ರೆ ಸಾಕಾಗಿತ್ತಲ್ಲ! 'ನೆನಪಿಲ್ಲ, ನೆನಪಿಲ್ಲ' ಅಂದ್ರಲ್ಲ ಭಾವ, ಯಾಕೆ?"

ಅಕ್ಕ ಅವನ ದನಿ ಬಂದ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಹಾಲಿನಂಥ ಪೊರೆ ಇತ್ತು, ಅದು ಇಷ್ಟು ಬಲಿತಿದೆ ಎಂದು ಅವನು ನೋಡಿಯೇ ಇರಲಿಲ್ಲ. "ನಾನೂ ಅದನ್ನೇ ಕೇಳಿದೆ. ಜಗಳ ಮಾಡಿದೆ. ಅವರಂದ್ರು, ನಾನು ಹೇಳಿದ್ರೆ ನಿನ್ನ ತಮ್ಮನ್ನ ಹಿಡ್ಕೊಂಡು ಹೋಗ್ತಾರೆ, ಅಷ್ಟೇ. ಅವನಾಗೇ ಬಂದು ಹೇಳಲಿ. ಹೇಳ್ತಾನೆ, ಒಳ್ಳೆ ಹುಡುಗ, ಕಾಯೋಣ ಅಂದ್ರು. ಭಾನುವಾರ ಊಟಕ್ಕೆ ಕರಿ, ಊಟ ಮಾಡ್ತಾ ಮಾಡ್ತಾ ಹೇಳಿಬಿಡ್ತಾನೆ ಅಂದ್ರು. ನಿನ್ನನ್ನ ಪ್ರತಿ ಭಾನುವಾರ ಯಾಕೆ ಕರೀತಿದ್ದೆ ಅಂದ್ಕೊಂಡಿದ್ದೆ ನೀನು?"

ಮತ್ತೆ? ಏನು ಸಮಾಚಾರ? ಅದು ಪ್ರಶ್ನೆಯಾಗಿತ್ತು. ಬೂಟು ತೊಳೆಯುತ್ತ ಏನಾದ್ರೂ ಹೇಳೋದಿತ್ತಾ ಎಂದದ್ದು ಪ್ರಶ್ನೆಯಾಗಿತ್ತು. ಸಾಯುವ ಹಿಂದಿನ ಭಾನುವಾರ ಭಾವ ಅವನ ಕೈ ಹಿಡಿದು ಸುಮ್ಮನೆ ಮಲಗಿದ್ದ. ಇವನು, ಪಾಪ ಮಾತಾಡಲು ಶಕ್ತಿಯಿಲ್ಲ ಎಂದುಕೊಂಡು, ಹವಾಮಾನದ ವಿಷಯ ಹೇಳುತ್ತ ಕೂತಿದ್ದ. ಅವನು ಇಷ್ಟು ವರ್ಷ ಗೋಡೆ ಕಟ್ಟಿಕೊಂಡು ಒಳಗೆ ಒಬ್ಬನೇ ಕೂತಿದ್ದೇನೆ ಎಂದು ತಿಳಿದಿದ್ದ. ಗೋಡೆ ಇರಲೇ ಇಲ್ಲ. ಇಬ್ಬರೂ ಎದುರಿಗೇ ಕೂತು ಅವನು ತಿನ್ನುವುದನ್ನು ನೋಡುತ್ತಿದ್ದರು. ಅವನಿಗೆ ಅಳು ಬಂತು, ಆದರೆ ಅಕ್ಕನ ಮುಂದೆ ಅಳುವ ಹಕ್ಕು ತನಗಿದೆ ಎಂದು ಅನಿಸಲಿಲ್ಲ.

"ನಾನು ಹೇಳಬೇಕು ಅಂತಲೇ ಇದ್ದೆ ಅಕ್ಕ" ಎಂದ.

"ಇಲ್ಲ. ಈಗಲೂ ನೀನು ಹೇಳಲಿಲ್ಲ. ಅವಳು ಕರೆದಳು, ನೀನು ಹೋದೆ. ಹೇಳಿದ್ಯಾ ಅಲ್ಲಿ?" ಅವನು ಕೋಟಿನ ಗುಂಡಿ ಹಿಡಿದುಕೊಂಡ. "ನಂಗೊತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ನಂಗೆ ಏನೂ ಕಾಣಲ್ಲ ಅಂದಿದಾರೆ. ಆ ಪುಸ್ತಕದಲ್ಲಿ ಅವರ ಹೆಸರು ಹೇಗಿರುತ್ತೆ ಅಂತ ಕಣ್ಣಿರೋವಾಗ ಒಂದು ಸಲ ನೋಡಬೇಕು ಅನಿಸ್ತು. ಅದಕ್ಕೇ ಕೊಟ್ಟೆ. ನೀನು ಹೆದರಬೇಡ, ಈಗ ಯಾರೂ ಯಾರನ್ನೂ ಹಿಡ್ಕೊಂಡು ಹೋಗಲ್ಲ."

ಅವನು ಬಾಗಿಲವರೆಗೆ ಹೋಗಿ ನಿಂತ. "ಭಾನುವಾರ ಬರಲಾ ಅಕ್ಕ?"

"ಬರೆದು ಬಂದು ಕೇಳು" ಎಂದಳು. ಕಿಟಕಿಯ ಕಡೆ ತಿರುಗಿಕೊಂಡಳು.

ದಾಖಲೆಗಳ ಕಚೇರಿಗೆ ಅವನು ಮರಳಿದಾಗ ನಾಲ್ಕು ಗಂಟೆಯಾಗಿತ್ತು. ಅವಳು ಹಾಳೆಯನ್ನು ಇನ್ನೂ ಮಡಿಸಿರಲಿಲ್ಲ, ಸ್ಟೂಲಿನ ಮೇಲೆ ಅವನು ಕುಡಿಯದೆ ಬಿಟ್ಟ ಚಹಾ ಕೆನೆಗಟ್ಟಿತ್ತು. "ಕೊಡಮ್ಮ" ಎಂದ. ಅವಳು ಒಂದು ನಮೂನೆ ತಂದಳು, ಅಚ್ಚಾದ ನಮೂನೆ. ಮೊದಲ ಸಾಲಿನಲ್ಲಿ ಹೀಗಿತ್ತು: ತಿದ್ದುಪಡಿಯ ಬಗೆ, ಕಾಗುಣಿತ, ವಿಷಯ, ಅನ್ವಯಿಸದ್ದನ್ನು ಹೊಡೆದುಹಾಕಿ. ಅವನು ಅದನ್ನು ಎರಡು ಸಲ ಓದಿದ. "ನೀವು ಹೇಳ್ತಾ ಹೋಗಿ ಸರ್, ನಾನು ಟೈಪು ಮಾಡ್ತೀನಿ, ಕೊನೇಲಿ ಒಂದು ಗುರುತು ಹಾಕಿದ್ರೆ ಸಾಕು" ಎಂದಳು, ಅವನ ಕೈ ನೋಡಿ. "ಬೇಡ, ನಾನೇ ಬರೀತೀನಿ" ಎಂದ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡ, ಚಿಕ್ಕಂದಿನಲ್ಲಿ ಅಕ್ಕ ಹಿಡಿದುಕೊಳ್ಳುತ್ತಿದ್ದ ಹಾಗೆ. 'ಕಾಗುಣಿತ' ಎಂಬುದರ ಮೇಲೆ ಗೆರೆ ಎಳೆದ. ಗೆರೆ ಸೊಟ್ಟಗೆ ಹೋಗಿ ಅಂಚು ಮುಟ್ಟಿತು. ಕೆಳಗೆ ಬರೆಯತೊಡಗಿದ. ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಕೆಲವು ಸಾಲು ಬಿಟ್ಟು ಕೆಳಗಿಳಿದವು, ಮಸಿ ಎರಡು ಕಡೆ ಹರಡಿತು. ಬರೆದು ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅವಳು ಗಡಿಯಾರ ನೋಡಲಿಲ್ಲ, ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಾದಳು.

ಅವಳು ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಮೆಲ್ಲಗೆ, ಬಾಯಿಬಿಟ್ಟು ಓದಿದಳು. "ಕರಡಿನಲ್ಲಿ ನನ್ನ ಭಾವ ಬರ ಎಂದೇ ಬರೆದಿದ್ದರು. ಏಳು ಕಡೆಯೂ ಕೊರತೆ ಎಂದು ತಿದ್ದಿದವನು ನಾನು. ಆ ಹಸ್ತಕ್ಷರ ನನ್ನದು. ಏಳನೆಯದನ್ನು ತಿದ್ದುವಾಗ ಉಗ್ರಾಣ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು." ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, ಹಿರಿಯರಿಗೆ ತಪ್ಪು ತೋರಿಸುವ ಸಂಕೋಚದಿಂದ, ಮೂರನೆಯ ಸಾಲಿನ ಹತ್ತಿರ ಬೆರಳಿಟ್ಟಳು.

"ಸರ್, ಇಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ. 'ಹಸ್ತಾಕ್ಷರ' ಆಗಬೇಕು. ಕಾಗುಣಿತ ಅಷ್ಟೇ, ನಾನೇ ತಿದ್ದಿಬಿಡಲಾ?"

"ಬೇಡಮ್ಮ" ಎಂದ ಅವನು. "ಬರೆದಿದ್ದು ಬರೆದ ಹಾಗೇ ಹೋಗಲಿ."